ಬಿಟಿ ಹತ್ತಿ ಹಾಕುವ ಮುನ್ನ: ಯಾವ ಬೀಜ, ಎಷ್ಟು ತಿಂಗಳು, ಗುಲಾಬಿ ಹುಳಕ್ಕೆ ಏನು ದಾರಿ

"ಬಿಜಿ-2 ಹಾಕಿದ್ರೂ ಕಾಯಿ ಒಡೆದು ನೋಡಿದರೆ ಒಳಗೆ ಹುಳ. ಹಂಗಾದ್ರೆ ಬಿಟಿ ಬೀಜಕ್ಕೆ ಯಾಕೆ ದುಡ್ಡು ಹಾಕಬೇಕು?" ಹಾವೇರಿ, ಕುಂದಗೋಳ, ಲಕ್ಷ್ಮೇಶ್ವರ ಕಡೆಯ ರೈತರು ಇದನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬಿಟಿ ಅಂದರೆ ಕಾಯಿಕೊರಕ ಹುಳಕ್ಕೆ ವಿಷವಾಗುವ ವಂಶವಾಹಿಯನ್ನು ಗಿಡದೊಳಗೇ ಸೇರಿಸಿದ ಹತ್ತಿ, ಬಿಜಿ-2 ಅದರ ಎರಡನೆಯ ಪೀಳಿಗೆ. ಈ ಪ್ರಶ್ನೆಯ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು. ಬಹಳ ದಿನ ನಿಲ್ಲುವ ಹೈಬ್ರಿಡ್ ಒಳ್ಳೆಯದೋ, ಬೇಗ ಬರುವುದೋ? ಒತ್ತಾಗಿ ಬಿತ್ತಬೇಕೋ? ಪಾಕೀಟಿನಲ್ಲೇ ಬೆರೆಸಿರುವ ನಾನ್ ಬಿಟಿ ಬೀಜ ಸಾಕೋ, ಬೇರೆ ಸಾಲು ಹಾಕಬೇಕೋ? ಇಲ್ಲಾ, ಅಜ್ಜಂದಿರು ಹಾಕುತ್ತಿದ್ದ ಜಯಧರ ಎಂಬ ಹಳೆಯ ನಾನ್ ಬಿಟಿ ತಳಿಗೇ ವಾಪಸ್ ಹೋಗಿಬಿಡಲೋ?

ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಎರಿ (ಕಪ್ಪು ಮಣ್ಣು) ಹೊಲದವರಿಗೆ ಸರಿ ಬಂದದ್ದು ಮಸಾರಿಯವರಿಗೆ (ಕೆಂಪು ಮಣ್ಣು) ಬರುವುದಿಲ್ಲ. ಕಾಲುವೆ ನೀರು ಇರುವವರ ಲೆಕ್ಕ ಬೇರೆ, ಮಳೆ ನಂಬಿದವರ ಲೆಕ್ಕ ಬೇರೆ. ಆದರೆ ಏನನ್ನು ನೋಡಿ ಆರಿಸಬೇಕು ಅನ್ನುವುದು ಎಲ್ಲರಿಗೂ ಒಂದೇ. ಹಾಗಾಗಿ ಮೊದಲು ಅದು, ಆಮೇಲೆ ಒಂದೊಂದೇ ದಾರಿ.

ಹುಳ ಜಗ್ಗದಂತಾದದ್ದು ಹೇಗೆ

ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆಗ ಅದರಲ್ಲಿದ್ದದ್ದು ಕ್ರೈ1ಎಸಿ ಎಂಬ ಒಂದೇ ವಿಷದ ವಂಶವಾಹಿ. 2006ರಲ್ಲಿ ಕ್ರೈ2ಎಬಿ ಕೂಡ ಸೇರಿಸಿದ ಬಿಜಿ-2 ಬಂತು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ (ಗುಲಾಬಿ ಹುಳ ಅನ್ನುವುದು ಇದನ್ನೇ) ಮೊದಲನೆಯ ವಿಷವನ್ನು ಜೀರ್ಣಿಸಿಕೊಂಡಿದೆ ಎಂಬುದು 2010ರ ಹೊತ್ತಿಗೇ ಗೊತ್ತಾಗಿತ್ತು. 2014-15ರ ಹೊತ್ತಿಗೆ ಎರಡನೆಯದೂ ನಾಟುತ್ತಿಲ್ಲ ಎಂದು ಕಂಡಿತು. ಆಮೇಲೆ ಅದು ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕ ಎಲ್ಲ ಕಡೆ ಹಬ್ಬಿತು.

ಬಿಟಿ ಗಿಡ ತಿಂದೂ ಬದುಕುವ ಹುಳ ಮೊದಲು ಎಲ್ಲೋ ಒಂದೊಂದು ಇರುತ್ತದೆ. ಅದು ಪತಂಗವಾಗಿ ಹಾರಿದಾಗ ಅಂಥದ್ದೇ ಇನ್ನೊಂದು ಪತಂಗ ಸಿಕ್ಕರೆ ಮರಿಗಳೆಲ್ಲ ಬಿಟಿಗೆ ಜಗ್ಗದವು ಆಗುತ್ತವೆ. ನಾನ್ ಬಿಟಿ ಗಿಡದಲ್ಲಿ ಬೆಳೆದ ಸಾಧಾರಣ ಪತಂಗ ಸಿಕ್ಕರೆ ಮಾತ್ರ ಮರಿಗಳು ಬಹುಪಾಲು ಬಿಟಿ ತಿಂದು ಸಾಯುತ್ತವೆ. ಅದಕ್ಕೇ ಬಿಟಿ ಜೊತೆ ನಾನ್ ಬಿಟಿ ಗಿಡ ಬೇಕು ಅನ್ನುವುದು. ಇದಕ್ಕೆ ರೆಫ್ಯೂಜಿಯಾ ಅಥವಾ ಆಸರೆ ಬೆಳೆ ಅಂತ ಹೆಸರು.

ಅಮೆರಿಕದ ಅರಿಝೋನಾದಲ್ಲೂ ಇದೇ ಹುಳ, ಇದೇ ಬಿಟಿ. 1996ರಿಂದ 2005ರವರೆಗೆ ಅಲ್ಲಿನ ರೈತರು ಆಸರೆ ಬೆಳೆ ಬಿಡದೆ ಹಾಕಿದರು. 2006ರಿಂದ ಆಸರೆ ಬೆಳೆಯ ಬದಲಿಗೆ ಸಂತಾನ ಆಗದಂತೆ ಮಾಡಿದ ಪತಂಗಗಳನ್ನು ಹೊಲಗಳ ಮೇಲೆ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳ ಪೂರ್ತಿ ಹೋಯಿತು ಎಂದು ಅಲ್ಲಿನ ಸರಕಾರ ಘೋಷಿಸಿತು. ನಮ್ಮಲ್ಲಿ 450 ಗ್ರಾಂ ಬಿಟಿ ಪಾಕೀಟಿನ ಜೊತೆ ಕೊಡುತ್ತಿದ್ದ 120 ಗ್ರಾಂ ನಾನ್ ಬಿಟಿ ಪಾಕೀಟು ಎಷ್ಟೋ ಕಡೆ ಬದುವಿನ ಮೇಲೆಯೇ ಬಿದ್ದುಹೋಯಿತು. ರೈತರನ್ನು ಬೈದು ಪ್ರಯೋಜನ ಇಲ್ಲ. ನಿಯಮ ಹೇಳಿದ್ದು ಶೇಕಡಾ 20ರಷ್ಟು ಜಾಗ ಅಥವಾ ಸುತ್ತಲೂ ಐದು ಸಾಲು, ಯಾವುದು ಜಾಸ್ತಿಯೋ ಅದು. ಎರಡು ಎಕರೆ ಇದ್ದವನಿಗೆ ಅದು 16 ಗುಂಟೆ. ಅಷ್ಟು ಜಾಗವನ್ನು ಹುಳಕ್ಕೆ ಬಿಡು ಅಂದರೆ ಯಾರ ಮನಸ್ಸು ಒಪ್ಪುತ್ತದೆ?

ಆರಿಸುವಾಗ ಏನನ್ನು ನೋಡಬೇಕು

ನಿಮ್ಮ ಹೊಲಕ್ಕೆ ಬರುವ ಹುಳ ಯಾವುದು? ಇದು ಮೊದಲನೆಯದು. ಹಸಿರು ಕಾಯಿಕೊರಕವನ್ನು ಬಿಜಿ-2 ಇನ್ನೂ ಬಹುಪಾಲು ತಡೆಯುತ್ತದೆ. ಅದು ತೊಗರಿ, ಕಡಲೆ, ಗೋವಿನಜೋಳ, ಸೂರ್ಯಕಾಂತಿ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ. ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ, ಹಾಗಾಗಿ ಹಸಿರು ಹುಳಕ್ಕೆ ಆಸರೆ ಬೆಳೆ ತಾನಾಗಿಯೇ ಇದೆ. ಗುಲಾಬಿ ಹುಳ ಹಾಗಲ್ಲ. ಅದಕ್ಕೆ ಹತ್ತಿಯೇ ಬೇಕು, ಹೆಚ್ಚೆಂದರೆ ಬೆಂಡೆ. ತೊಗರಿ ಸಾಲು ಹಾಕಿ ಗುಲಾಬಿ ಹುಳಕ್ಕೆ ಆಸರೆ ಕೊಟ್ಟೆ ಅಂದುಕೊಂಡರೆ ಅದು ಸುಮ್ನೆ ಸಮಾಧಾನ ಅಷ್ಟೆ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ನಿಮ್ಮ ಹೊಲ ಯಾವ ತಾರೀಕಿಗೆ ಹತ್ತಿಯಿಂದ ಖಾಲಿ ಆಗುತ್ತದೆ? ಗುಲಾಬಿ ಹುಳಕ್ಕೆ ಒಂದು ಪೀಳಿಗೆ ಮುಗಿಸಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಅಕ್ಟೋಬರ್‌ನಲ್ಲಿ ಹತ್ತು ಇದ್ದದ್ದು ಡಿಸೆಂಬರ್‌ಗೆ ನೂರಾಗುತ್ತದೆ. ಹೊಲದಲ್ಲಿ ಹತ್ತಿ ಇದ್ದಷ್ಟು ದಿನ ಅದು ಬೆಳೆಯುತ್ತಲೇ ಇರುತ್ತದೆ, ಮತ್ತು ಬೆಳೆಯುವುದು ಬಿಟಿಗೆ ಜಗ್ಗದ ಹುಳವೇ. ಬೀಜದ ಇಳುವರಿ ಕೇಳುವ ಮೊದಲು ಅದರ ಅವಧಿ ಕೇಳಿ ಅನ್ನುವುದು ಇದಕ್ಕೇ.

ಮೂರನೆಯದು ನೆಲ ಮತ್ತು ನೀರು. ನಾಲ್ಕನೆಯದು ಅಕ್ಕಪಕ್ಕದವರು ಏನು ಹಾಕುತ್ತಾರೆ, ಯಾವಾಗ ಬಿತ್ತುತ್ತಾರೆ. ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹತ್ತಿ ಪ್ಲಾಟು ಪಕ್ಕದಲ್ಲಿದ್ದರೆ ಅಲ್ಲಿ ಗಿಡ ಎಷ್ಟು ದಿನ ನಿಲ್ಲುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ಐದನೆಯದು ಕೈಯಲ್ಲಿರುವ ದುಡ್ಡು ಮತ್ತು ಹತ್ತಿ ಬಿಡಿಸಲು ಸಿಗುವ ಆಳು.

ಬಹಳ ದಿನ ನಿಲ್ಲುವ ಬಿಜಿ-2 ಹೈಬ್ರಿಡ್

ಅಂಗಡಿಯಲ್ಲಿ ಹೆಚ್ಚು ಓಡುವುದು ಇದೇ. 180 ದಿನಕ್ಕೂ ಜಾಸ್ತಿ ನಿಲ್ಲುತ್ತದೆ, ಕಾಯಿ ದೊಡ್ಡದು. ನೀರಿದ್ದರೆ ಜನವರಿ, ಫೆಬ್ರವರಿವರೆಗೆ ಕಾಯಿ ಬಿಡುತ್ತಲೇ ಇರುತ್ತದೆ. ನಡುವೆ ಮಳೆ ಕೈಕೊಟ್ಟರೂ ಆಮೇಲೆ ಚೇತರಿಸಿಕೊಳ್ಳುತ್ತದೆ. ಇದು ಸಣ್ಣ ಗುಣ ಅಲ್ಲ. ಜುಲೈಯಲ್ಲಿ ಮೂರು ವಾರ ಮಳೆ ಹೋದ ವರ್ಷ ಬೇಗ ಬರುವ ಹತ್ತಿಗೆ ಮತ್ತೆ ತಲೆ ಎತ್ತಲು ಸಮಯವೇ ಇರುವುದಿಲ್ಲ.

ಆದರೆ ಗುಲಾಬಿ ಹುಳ ಕಾಯುವುದು ಇಂಥ ಗಿಡವನ್ನೇ. ಇನ್ನೊಂದು ಸಂಗತಿ ಅಂಗಡಿಯವರು ಹೇಳುವುದಿಲ್ಲ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಎರಡೂ ವಿಷ, ಕೆಲವದರಲ್ಲಿ ಒಂದೇ, ಒಂದೆರಡರಲ್ಲಿ ಯಾವುದೂ ಇಲ್ಲ. ಗುಲಾಬಿ ಹುಳ ತಿನ್ನುವುದು ಬೀಜವನ್ನೇ. ಒಂದು ಕಾಯಿಯೊಳಗೆ ಅರೆಬರೆ ವಿಷ ಉಂಡು ಬದುಕಿ ಗಟ್ಟಿಯಾಗಲು ಅದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಈ ದಾರಿ ಯಾರಿಗೆ? ಆಳವಾದ ಎರಿ ಹೊಲ ಇದ್ದು, ಡಿಸೆಂಬರ್ ಕೊನೆಗೆ ಏನೇ ಇರಲಿ ಗಿಡ ಕೀಳುತ್ತೇನೆ ಎಂಬ ಗಟ್ಟಿ ಮನಸ್ಸು ಇದ್ದವರಿಗೆ. ಮುಂಡರಗಿ, ನವಲಗುಂದ ಕಡೆ ನೀರು ಇರುವವರಿಗೆ "ಇನ್ನೊಂದು ನೀರು ಕೊಟ್ಟರೆ ಇನ್ನೊಂದು ಬಿಡಿಕೆ" ಅನ್ನುವ ಆಸೆ ಬರುವುದು ಸಹಜ. ಆ ಕೊನೆಯ ಬಿಡಿಕೆಯ ಹತ್ತಿಯಲ್ಲಿ ಹಳದಿ ಕಲೆ ಎಷ್ಟು, ಮಾರುಕಟ್ಟೆಯಲ್ಲಿ ಅದಕ್ಕೆ ಸಿಗುವ ದರ ಎಷ್ಟು, ಬಿಡಿಸಿದ ಕೂಲಿ ಎಷ್ಟು ಅಂತ ಒಮ್ಮೆ ಬರೆದು ನೋಡಿ. ಅದೇ ನೀರಿಗೆ ಜನವರಿಯಲ್ಲಿ ಬೇಸಿಗೆ ಶೇಂಗಾ ಬರುತ್ತದೆ. ಬೆಂಡೆ ಮಾತ್ರ ಬೇಡ, ಅದು ಇದೇ ಹುಳದ ಊಟ.

ಬೇಗ ಬರುವ ಬಿಜಿ-2

140ರಿಂದ 160 ದಿನಕ್ಕೆ ಮುಗಿಯುವ ಹೈಬ್ರಿಡ್‌ಗಳು ಈಗ ಬೇಕಾದಷ್ಟು ಇವೆ. ಜೂನ್ 10ಕ್ಕೆ ಬಿತ್ತಿದರೆ ನವೆಂಬರ್ ನಡುವಿನ ಹೊತ್ತಿಗೆ ಕೊನೆಯ ಬಿಡಿಕೆ. ಹುಳದ ಸಂಖ್ಯೆ ಏರುವ ಹೊತ್ತಿಗೆ ಹೊಲದಲ್ಲಿ ಹಸಿರು ಕಾಯಿಯೇ ಇರುವುದಿಲ್ಲ. ಎರಡು ಮೂರು ಸಲ ಔಷಧಿ ಹೊಡೆಯುವ ಖರ್ಚೂ ಉಳಿಯುತ್ತದೆ.

ಒಪ್ಪಿಕೊಳ್ಳಬೇಕಾದ ನಷ್ಟವೂ ಇದೆ. ಒಳ್ಳೆಯ ಮಳೆ ಆದ ವರ್ಷ ದೀರ್ಘಾವಧಿ ಹೈಬ್ರಿಡ್ ಹಾಕಿದ ಪಕ್ಕದವನು ನಿಮಗಿಂತ ಜಾಸ್ತಿ ತೆಗೆಯುತ್ತಾನೆ. ಕಾಯಿ ಒಟ್ಟಿಗೇ ಒಡೆಯುವುದರಿಂದ ಆಳುಗಳೂ ಒಟ್ಟಿಗೇ ಬೇಕು. ಶಿಗ್ಗಾಂವಿ, ಸವಣೂರು ಕಡೆ ಆ ಹೊತ್ತಿಗೆ ಗೋವಿನಜೋಳದ ಕೊಯ್ಲೂ ಇರುತ್ತದೆ. ಕೂಲಿಯವರನ್ನು ಮೊದಲೇ ಮಾತಾಡಿಕೊಂಡಿರದಿದ್ದರೆ ಹಿಂಗಾರು ಮಳೆಗೆ ಒಡೆದ ಹತ್ತಿ ನೆನೆಯುತ್ತದೆ.

ಇಷ್ಟಾದರೂ ಮಸಾರಿ ಮತ್ತು ಮಧ್ಯಮ ನೆಲದಲ್ಲಿ ಮಳೆ ನಂಬಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಂಥ ನೆಲದಲ್ಲಿ ನವೆಂಬರ್ ದಾಟಿದರೆ ತೇವವೇ ಇರುವುದಿಲ್ಲ. ದೀರ್ಘಾವಧಿ ಬೀಜದ ಗುಣ ಅಲ್ಲಿ ಕೆಲಸಕ್ಕೆ ಬರುವುದೇ ಇಲ್ಲ. ಉಳಿಯುವುದು ಅದರ ಹುಳ ಮಾತ್ರ.

ಒಂದು ಎಚ್ಚರಿಕೆ. ನೀರಿದೆ ಅಂತ ಏಪ್ರಿಲ್, ಮೇಯಲ್ಲೇ ಬಿತ್ತಬೇಡಿ. ಹಳೆಯ ಕಾಯಿ, ಕಟ್ಟಿಗೆಯಲ್ಲಿ ನಿದ್ದೆಯಲ್ಲಿದ್ದ ಹುಳ ಮುಂಗಾರು ತೇವಕ್ಕೆ ಎದ್ದು ಜೂನ್, ಜುಲೈಯಲ್ಲಿ ಪತಂಗವಾಗಿ ಹಾರುತ್ತದೆ. ಆಗ ಮೊಗ್ಗು, ಹೂವು ಸಿಗದಿದ್ದರೆ ಸಂತಾನ ಇಲ್ಲದೆ ಸಾಯುತ್ತದೆ. ಮುಂಚೆ ಬಿತ್ತಿದ ಒಂದು ಹೊಲ ಊರ ಹುಳಕ್ಕೆಲ್ಲ ಮೊದಲ ಊಟ ಹಾಕುತ್ತದೆ.

ಒತ್ತಾಗಿ ಬಿತ್ತುವುದು

90 ಸೆಂ.ಮೀ. ಸಾಲು, 60 ಸೆಂ.ಮೀ. ಗಿಡದ ಅಂತರ ಇಟ್ಟರೆ ಎಕರೆಗೆ ಸುಮಾರು 7,500 ಗಿಡ. ಅದನ್ನೇ 90ಕ್ಕೆ 15 ಮಾಡಿದರೆ ಸುಮಾರು 30,000. ಗಿಡಕ್ಕೆ ಹತ್ತು ಹನ್ನೆರಡು ಕಾಯಿ ಬಂದರೂ ಸಾಕು, ಅವೆಲ್ಲ ಬೇಗ ಒಟ್ಟಿಗೆ ಬರುತ್ತವೆ. ಹುಳದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ. ಹಗುರ ನೆಲಕ್ಕೂ ಹೊಂದುತ್ತದೆ.

ತೊಡಕು ದುಡ್ಡಿನದು. 2025ಕ್ಕೆ ಬಿಜಿ-2ರ 475 ಗ್ರಾಂ ಪಾಕೀಟಿಗೆ ಸರಕಾರ ಕಟ್ಟಿದ ಗರಿಷ್ಠ ದರ 901 ರೂಪಾಯಿ. ಒತ್ತು ಬಿತ್ತನೆಗೆ ಎಕರೆಗೆ ಐದಾರು ಪಾಕೀಟು ಬೇಕು. ಬೀಜಕ್ಕೇ 4,500ರಿಂದ 5,400 ರೂಪಾಯಿ ಹೋಯಿತು. ಜೊತೆಗೆ ಗಿಡ ಹಬ್ಬದಂತೆ ತಡೆಯುವ ಮೆಪಿಕ್ವಾಟ್ ಕ್ಲೋರೈಡ್ ಸಿಂಪಡಿಸಬೇಕು, ಇಲ್ಲದಿದ್ದರೆ ಹೊಲ ಕಾಡಾಗುತ್ತದೆ. ಮೊದಲ ವರ್ಷ ಒಂದು ಎಕರೆಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ 90ಕ್ಕೆ 30 ನಡುದಾರಿ.

ಬಿಟಿ ಇರುವ ಸುಧಾರಿತ ತಳಿಗಳೂ ಇವೆ. ಹೈಬ್ರಿಡ್ ಅಲ್ಲದ್ದರಿಂದ ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು, ಒತ್ತಾಗಿ ಬಿತ್ತಲು ಅಗ್ಗ. ಕಾಯಿಯೊಳಗಿನ ಎಲ್ಲ ಬೀಜದಲ್ಲೂ ಬಿಟಿ ಇರುತ್ತದೆ. ಆದರೆ ಇರುವುದು ಹಳೆಯ ಕ್ರೈ1ಎಸಿ ಒಂದೇ. ಹಸಿರು ಹುಳಕ್ಕೆ ಸ್ವಲ್ಪ ನೆರವು, ಗುಲಾಬಿ ಹುಳಕ್ಕೆ ಇಲ್ಲ. ಬೇಗ ಮುಗಿಯುತ್ತದೆ ಅನ್ನುವುದೇ ಅದರ ಕಾವಲು.

ಜಯಧರ ಮತ್ತು ನಾನ್ ಬಿಟಿ ತಳಿಗಳು

ಅಣ್ಣಿಗೇರಿ, ನವಲಗುಂದ, ಗದಗ ಕಡೆಯ ಎರಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಜೊತೆ ಜಯಧರ ಹಾಕುವ ಪದ್ಧತಿ ಹಳೆಯದು. ಮೆಣಸಿನಕಾಯಿಯೂ ಉಳ್ಳಾಗಡ್ಡಿಯೂ ಹೋದರೆ ಹತ್ತಿಯಾದರೂ ಕೈ ಹಿಡಿಯುತ್ತದೆ. ರಸ ಹೀರುವ ಹುಳ, ಬರ ಎರಡನ್ನೂ ಅದು ತಡೆದುಕೊಳ್ಳುತ್ತದೆ. ಔಷಧಿ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಎಳೆ ಗಿಡ್ಡ, ಇಳುವರಿ ಕಡಿಮೆ, ಕೊಳ್ಳುವವರೂ ಕಡಿಮೆ. ಮಾರುವ ದಾರಿ ನೋಡಿಕೊಂಡೇ ಹಾಕಿ.

ಇನ್ನೊಂದು ಮಾತು. ಜಯಧರ ಹೊಲದಲ್ಲಿ ಇರುವುದು ಫೆಬ್ರವರಿ ದಾಟಿಯೂ. ಗುಲಾಬಿ ಹುಳ ಅದನ್ನೂ ಬಿಡುವುದಿಲ್ಲ. ಸುತ್ತ ಎಲ್ಲ ಜಯಧರವೇ ಇದ್ದರೆ ತೊಂದರೆ ಕಡಿಮೆ. ಬಿಟಿ ಹೊಲಗಳ ನಡುವೆ ಒಂದೇ ಒಂದು ಜಯಧರದ ಪಟ್ಟಿ ಇದ್ದರೆ ಡಿಸೆಂಬರ್ ಆದಮೇಲೆ ಎಲ್ಲರ ಹುಳವೂ ಅಲ್ಲಿಗೇ ಬರುತ್ತದೆ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಹನಾದಂಥ ನಾನ್ ಬಿಟಿ ತಳಿಯನ್ನು ಪೂರ್ತಿ ಹೊಲಕ್ಕೆ ಹಾಕಿದರೆ ಹಸಿರು ಹುಳದ ಕಾವಲು ನೀವೇ ಮಾಡಬೇಕು. ಅದಕ್ಕಿಂತ ಆಸರೆ ಸಾಲಿಗೆ ಅದು ಚೆನ್ನ.

ಆಸರೆ: ಪಾಕೀಟಿನಲ್ಲಿ ಇರುವುದೇ ಸಾಕೇ?

ಈಗ ಸಿಗುವ 475 ಗ್ರಾಂ ಪಾಕೀಟಿನಲ್ಲಿ ಶೇಕಡಾ 5ರಿಂದ 10ರಷ್ಟು ನಾನ್ ಬಿಟಿ ಬೀಜ ಬೆರೆತೇ ಬರುತ್ತದೆ. 7,500 ಗಿಡದಲ್ಲಿ 375ರಿಂದ 750 ಗಿಡ ಅಲ್ಲಲ್ಲಿ ನಾನ್ ಬಿಟಿ. ನೋಡಿದರೆ ಗುರುತು ಸಿಗುವುದಿಲ್ಲ. ಅಂಥ ಗಿಡಕ್ಕೆ ಹಸಿರು ಹುಳ ಬಿದ್ದಾಗ "ಕಳಪೆ ಬೀಜ ಕೊಟ್ರು" ಅಂತ ಜಗಳಕ್ಕೆ ಹೋದವರೂ ಇದ್ದಾರೆ. ಅದು ಕಳಪೆ ಅಲ್ಲ, ಇರಬೇಕಾದದ್ದೇ.

ಇದರ ದೊಡ್ಡ ಗುಣ ಅಂದರೆ ಯಾರೂ ಮರೆಯಲು ಆಗುವುದಿಲ್ಲ. ಗುಲಾಬಿ ಹುಳದ ಮರಿ ಕಾಯಿಯೊಳಗೇ ಇರುವುದರಿಂದ ಗಿಡದಿಂದ ಗಿಡಕ್ಕೆ ಹೋಗುವುದಿಲ್ಲ, ಹಾಗಾಗಿ ಅದಕ್ಕೆ ಬೆರಕೆ ಬೀಜ ಸರಿಹೋಗುತ್ತದೆ. ಹಸಿರು ಹುಳ ಮಾತ್ರ ದೊಡ್ಡದಾಗುತ್ತಾ ಪಕ್ಕದ ಗಿಡಕ್ಕೆ ಹರಿಯುತ್ತದೆ, ನಾನ್ ಬಿಟಿಯಲ್ಲಿ ಬೆಳೆದು ಬಿಟಿಯಲ್ಲಿ ಅರ್ಧ ವಿಷ ಉಣ್ಣುತ್ತದೆ. ಅದಕ್ಕೆ ಬೇರೆ ಸಾಲು ಅಥವಾ ತೊಗರಿ ಮೇಲು.

ಎರಡು ಎಕರೆಯವರಿಗೆ ಪಾಕೀಟಿನದೇ ಸಾಕು, ಜೊತೆಗೆ ನಡುನಡುವೆ ತೊಗರಿ ಸಾಲು. ಹತ್ತು ಎಕರೆ ಮೇಲಿದ್ದವರು ಬದುವಿನ ಗುಂಟ ಐದು ಸಾಲು ನಾನ್ ಬಿಟಿ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಕಿದರೆ ಹೂ ಬಿಡುವ ಹೊತ್ತು ಎರಡಕ್ಕೂ ಒಂದೇ ಇರಬೇಕು, ಆ ಸಾಲಿಗೆ ಕಾಯಿಕೊರಕದ ಔಷಧಿ ಹೊಡೆಯಬಾರದು. ಹೊಡೆದರೆ ಹಾಕಿದ್ದಕ್ಕೆ ಅರ್ಥವೇ ಇಲ್ಲ. ಇಷ್ಟಾದರೂ ಒಂದು ಮಾತು ನಿಜ: ಜಗ್ಗದ ಹುಳವೇ ಜಾಸ್ತಿ ಆಗಿರುವ ಕಡೆ ಆಸರೆ ಬೆಳೆ ಒಂದರಿಂದಲೇ ಕಾಲ ಹಿಂದಕ್ಕೆ ತಿರುಗುವುದಿಲ್ಲ. ಹೊಲ ಖಾಲಿ ಮಾಡುವ ತಾರೀಕೂ ಜೊತೆಗೆ ಬೇಕು.

ಕಳೆನಾಶಕ ತಾಳುವ ಬಿಟಿ ಅಂತ ಬಿಲ್ ಇಲ್ಲದೆ ಮಾರುವ ಬೀಜದ ವಿಷಯ ಕೇಳುವವರಿಗೆ ಉತ್ತರ ಚಿಕ್ಕದು. ಅದಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ಇಲ್ಲ. ಒಳಗೆ ಯಾವ ವಂಶವಾಹಿ ಇದೆ, ಆಸರೆ ಬೀಜ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೇಡ.

ಬೀಜ ಬಿಟ್ಟು ಇನ್ನೆಷ್ಟು ಖರ್ಚು ಮಾಡಬೇಕು

ಅತಿ ಅಗ್ಗದ್ದು ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಬಿಲ್ಲೆ (ಲೂರ್) ಇಟ್ಟು ಗಂಡು ಪತಂಗ ಹಿಡಿಯುವ ಬಲೆ. ಬಿತ್ತಿ 45 ದಿನಕ್ಕೆ ಎಕರೆಗೆ ಎರಡು, ಗಿಡದ ತುದಿಗಿಂತ ಸುಮಾರು ಒಂದು ಅಡಿ ಮೇಲೆ. ಬಲೆಯೊಂದಕ್ಕೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಒಂದೇ ಸಮ ಬಿದ್ದರೆ ಕೈ ಹಾಕುವ ಹೊತ್ತು ಬಂತು ಅಂತ. ಲೂರ್ ಹಳೆಯದಾದರೆ ಬಲೆ ಖಾಲಿ ಇರುತ್ತದೆ, ಹುಳ ಇಲ್ಲ ಅಂತ ಮೋಸ ಹೋಗುತ್ತೇವೆ. ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸಿ.

ಖರ್ಚೇ ಇಲ್ಲದ್ದು ಕಾಯಿ ಒಡೆದು ನೋಡುವುದು. ಹೊಲದಲ್ಲಿ ಅಡ್ಡಾಡುತ್ತಾ ಬೇರೆ ಬೇರೆ ಗಿಡದಿಂದ ನಿಂಬೆ ಗಾತ್ರದ 20 ಹಸಿರು ಕಾಯಿ ಕಿತ್ತುಕೊಳ್ಳಿ. ಹೊರಗಿನಿಂದ ಏನೂ ಕಾಣುವುದಿಲ್ಲ, ಹುಳ ಒಳಗೆ ಹೊಕ್ಕ ತೂತು ಮುಚ್ಚಿಕೊಂಡಿರುತ್ತದೆ. ಒಡೆದು ಸಿಪ್ಪೆಯ ಒಳಮೈ ನೋಡಿ, ಅಲ್ಲಿ ಸಣ್ಣ ಗಂಟು ಇರುತ್ತದೆ. ಗುಲಾಬಿ ಬಣ್ಣವನ್ನೇ ಹುಡುಕಬೇಡಿ. ಎಳೆಯ ಮರಿ ಬಿಳಿ, ತಲೆ ಮಾತ್ರ ಕಪ್ಪು, ಬಣ್ಣ ಬರುವುದು ಬಲಿತ ಮೇಲೆ. 20ರಲ್ಲಿ ಎರಡು ಕಾಯಲ್ಲಿ ಜೀವಂತ ಹುಳ ಸಿಕ್ಕರೆ ಔಷಧಿ ಹೊಡೆಯುವ ಮಟ್ಟ ಮುಟ್ಟಿದೆ. ಅದಕ್ಕೂ ಮುಂಚೆ ಎಸಳು ಅಂಟಿಕೊಂಡು ಅರಳದೆ ಸುತ್ತಿದ ಹೂ ಕಂಡರೆ ಕಿತ್ತು ಸುಟ್ಟುಬಿಡಿ, ಒಳಗೆ ಹುಳ ಇರುತ್ತದೆ.

ಔಷಧಿ ಹೊಡೆಯುವುದೇ ಆದರೆ ಮೊದಲು ಬೇವಿನ ಬೀಜದ ಕಷಾಯ, ಆಮೇಲೆ ಪ್ರೊಫೆನೊಫಾಸ್ ಅಥವಾ ಎಮಾಮೆಕ್ಟಿನ್ ಬೆಂಜೋಯೇಟ್, ಒಂದು ಸಲ ಹೊಡೆದದ್ದನ್ನು ಮತ್ತೆ ಹೊಡೆಯದೆ. ಪ್ರಮಾಣ ಡಬ್ಬಿಯ ಮೇಲೆ ಇರುವಷ್ಟೇ. ಸೈಪರ್‌ಮೆಥ್ರಿನ್ ಥರದ ಪೈರೆಥ್ರಾಯ್ಡ್‌ಗಳನ್ನು ಶುರುವಿನಲ್ಲೇ ಹೊಡೆದರೆ ಬಿಳಿ ನೊಣ ಏಳುತ್ತದೆ. ಕೊಟ್ಟ ದುಡ್ಡಿಗೆ ಇನ್ನೊಂದು ರೋಗ ಕೊಂಡಂತೆ.

ದುಬಾರಿಯದು ಪತಂಗಗಳ ಕೂಡುವಿಕೆ ತಪ್ಪಿಸುವ ಪಿಬಿ ರೋಪ್. ಮೊಗ್ಗು ಬರುವ ಹೊತ್ತಿಗೆ ಎಕರೆಗೆ ಸುಮಾರು 160 ದಾರ ಗಿಡಕ್ಕೆ ಕಟ್ಟಬೇಕು. ಹೊಲವೆಲ್ಲ ಹೆಣ್ಣಿನ ವಾಸನೆ ತುಂಬಿ ಗಂಡಿಗೆ ಹೆಣ್ಣು ಎಲ್ಲಿದೆ ಗೊತ್ತಾಗುವುದಿಲ್ಲ. ಹುಳ ಬಿಟಿಗೆ ಜಗ್ಗದ್ದೋ ಅಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ, ಅದಕ್ಕೇ ಇದರ ಬಗ್ಗೆ ನನಗೆ ಭರವಸೆ ಜಾಸ್ತಿ. ಆದರೆ ಒಬ್ಬರೇ ಎರಡು ಎಕರೆಗೆ ಕಟ್ಟಿದರೆ ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ನಿಮ್ಮಲ್ಲಿ ಮೊಟ್ಟೆ ಇಡುತ್ತದೆ. ಒಂದೇ ಕಡೆ ಹೊಲ ಇರುವ ಹತ್ತು ಹದಿನೈದು ಜನ ಕೂಡಿ ಕಟ್ಟಿದರೆ ಮಾತ್ರ ಹಾಕಿದ ದುಡ್ಡು ಬರುತ್ತದೆ. ಜನ ಕೂಡುವುದಿಲ್ಲ ಅಂದರೆ ಅದೇ ದುಡ್ಡಿಗೆ ಬೇಗ ಬರುವ ಬೀಜ ಮತ್ತು ಬಲೆ ತಗೊಳ್ಳಿ.

ಕೊನೆಯ ಬಿಡಿಕೆ ಆದಮೇಲೆ ಕುರಿ ಹಿಂಡು ಬಿಡುವುದು ನಮ್ಮ ಕಡೆ ಸುಲಭ. ಉಳಿದ ಎಳೆ ಕಾಯಿ, ಅದರೊಳಗಿನ ಹುಳ ಎರಡೂ ಹೋಗುತ್ತವೆ. ಔಷಧಿ ಹೊಡೆದು ಬಹಳ ದಿನ ಆಗಿರಬೇಕು ಅಷ್ಟೆ. ಆಮೇಲೆ ಕಟ್ಟಿಗೆ ಕಿತ್ತು ಪುಡಿ ಮಾಡಿ ಮಣ್ಣಿಗೆ ಸೇರಿಸಿ. ಒಲೆಗೆ ಬೇಕು ಅಂತ ಬದುವಿಗೆ ಒಟ್ಟುವುದಾದರೆ ಒಣಗಿದ ಕಾಯಿಗಳನ್ನೆಲ್ಲ ಉದುರಿಸಿ ಸುಟ್ಟ ಮೇಲೆ ಒಟ್ಟಿ.

ಅಂಗಡಿಗೆ ಹೋದಾಗ ಪಾಕೀಟಿನ ಮೇಲೆ ಮೂರು ಓದಿ: ಬಿಜಿ-2 ಹೌದೋ, ನಾನ್ ಬಿಟಿ ಬೀಜ ಬೆರೆಸಿದ್ದು ಬರೆದಿದೆಯೋ, ಅವಧಿ ಎಷ್ಟು ದಿನ. ಅವಧಿ ಬರೆದಿಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ. ಬಿಲ್ ಮತ್ತು ಖಾಲಿ ಪಾಕೀಟನ್ನು ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ.